ಗುಂಡಿ ಒತ್ತಿದರೆ ಸಂಗೀತ ಬರುತ್ತಾ? 'ಡಿಜೆ ಮೆಷಿನ್' ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ನಿಮ್ಮ ವಾಟ್ಸಾಪ್‌ಗೂ ಇಂಥದ್ದೊಂದು ವಿಡಿಯೋ ಬಂದಿರಬಹುದು. ಮಬ್ಬುಗತ್ತಲ ಕೋಣೆ, ಬಣ್ಣಬಣ್ಣದ ಬೆಳಕು ಚಿಮ್ಮುವ ಚೌಕ ಗುಂಡಿಗಳ ಪುಟ್ಟ ಹಲಗೆ, ಅದರ ಮೇಲೆ ಹುಡುಗನೊಬ್ಬನ ಬೆರಳುಗಳು ಕುಣಿಯುತ್ತಿವೆ. ಒಂದು ಗುಂಡಿಗೆ ಡ್ರಮ್, ಇನ್ನೊಂದಕ್ಕೆ ಬಾಸ್, ಮತ್ತೊಂದಕ್ಕೆ ಯಾರದೋ ದನಿ. ಕೆಳಗೊಂದು ಸಾಲು: 'ಈ ಮೆಷಿನ್ ಒಂದಿದ್ದರೆ ಸಾಕು, ಸಂಗೀತ ಕಲಿಯದೆಯೂ ಸ್ಟೇಜ್ ಶೋ ಕೊಡಬಹುದು. ಆಸಕ್ತರಿಗೆ ಶೇರ್ ಮಾಡಿ.'

ನನ್ನ ಅಕ್ಕನ ಮಗನಿಗೂ ಬಂದಿತ್ತು. ಹಾಸನದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾನೆ. ಕಾಲೇಜ್ ಫೆಸ್ಟ್‌ನಲ್ಲಿ ಗೆಳೆಯರ ಡೊಳ್ಳು ತಂಡದ ಜೊತೆ ಎಲೆಕ್ಟ್ರಾನಿಕ್ ಬೀಟ್ ಸೇರಿಸಿ ನುಡಿಸಬೇಕು ಅನ್ನೋದು ಅವನ ಆಸೆ. ಅಕ್ಕ ಚೀಟಿ ಎತ್ತಿದ ದುಡ್ಡಿನಲ್ಲಿ ಎಂಟು ಸಾವಿರ ಕೊಟ್ಟಳು. ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದ, 64 ಗುಂಡಿಗಳ ಸೆಕೆಂಡ್ ಹ್ಯಾಂಡ್ ಹಲಗೆಯೊಂದು ಮನೆಗೆ ಬಂತು. ಅದೇ ಸಂಜೆ ನನಗೆ ಫೋನ್.

'ಮಾಮ, ಮೋಸ ಹೋದೆ. ಲೈಟ್ ಬರುತ್ತೆ, ಸೌಂಡೇ ಬರಲ್ಲ. ಸ್ಪೀಕರ್‌ಗೆ ಹಾಕೋಣ ಅಂದ್ರೆ ಹೆಡ್‌ಫೋನ್ ತೂತೂ ಇಲ್ಲ ಇದರಲ್ಲಿ.'

ಮೆಷಿನ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ಆ ಫಾರ್ವರ್ಡ್.

ರಿಮೋಟ್‌ನೊಳಗೆ ಸೀರಿಯಲ್ ಇರೋದಿಲ್ಲ

ಇಂಥ ಹಲಗೆಗಳಿಗೆ ಮಿಡಿ ಕಂಟ್ರೋಲರ್ ಅಂತ ಹೆಸರು. ಹೆಚ್ಚಿನ ಮಿಡಿ ಕಂಟ್ರೋಲರ್‌ಗಳೊಳಗೆ ಒಂದೇ ಒಂದು ಶಬ್ದವೂ ಇರುವುದಿಲ್ಲ. ಟಿವಿ ರಿಮೋಟ್ ನೆನಪಿಸಿಕೊಳ್ಳಿ. ಗುಂಡಿ ಒತ್ತಿದರೆ ಚಾನೆಲ್ ಬದಲಾಗುತ್ತದೆ, ಆದರೆ ಸೀರಿಯಲ್ ರಿಮೋಟ್‌ನೊಳಗಿಂದ ಬರುತ್ತಿಲ್ಲ. ಇದೂ ಹಾಗೆಯೇ. ಶಬ್ದ ಹುಟ್ಟುವುದು ಲ್ಯಾಪ್‌ಟಾಪ್ ಅಥವಾ ಫೋನ್‌ನಲ್ಲಿರುವ ಸಾಫ್ಟ್‌ವೇರ್‌ನಲ್ಲಿ. ವಿಡಿಯೋದಲ್ಲಿ ಆ ಲ್ಯಾಪ್‌ಟಾಪ್ ಕ್ಯಾಮೆರಾ ಆಚೆಗಿರುತ್ತದೆ, ಅಷ್ಟೇ.

ಕಛೇರಿಗಳಲ್ಲಿ ಕಾಣುವ ಎಲೆಕ್ಟ್ರಾನಿಕ್ ತಂಬೂರದ ವಿಷಯ ಬೇರೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳನ್ನು ನೀವು ನೋಡಿರುತ್ತೀರಿ. ಅದನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಆ ಪೆಟ್ಟಿಗೆಯೊಳಗೇ ಶ್ರುತಿ ಹುಟ್ಟುತ್ತದೆ, ಅದರಲ್ಲೇ ಸ್ಪೀಕರ್ ಇರುತ್ತದೆ. ಮದುವೆ ಆರ್ಕೆಸ್ಟ್ರಾದವರ ಕೀಬೋರ್ಡ್ ಕೂಡ ಹೀಗೇ, ಸ್ವಿಚ್ ಹಾಕಿದರೆ ಹಾಡುತ್ತದೆ. ಕಂಟ್ರೋಲರ್ ನೋಡಲು ಇವುಗಳ ತಮ್ಮನ ಹಾಗಿದ್ದರೂ ಜಾತಿಯೇ ಬೇರೆ.

ಹಾಗಾದರೆ ಅದರ ವೈರ್‌ನಲ್ಲಿ ಹರಿಯುವುದೇನು? ಬರೀ ಅಂಕಿಗಳು. ನೀವು ಒಂದು ಗುಂಡಿ ಒತ್ತಿದಾಗ ಕಂಟ್ರೋಲರ್ ಮೂರು ಅಂಕಿ ಕಳಿಸುತ್ತದೆ. 'ಒಂದು ಸ್ವರ ಶುರುವಾಯಿತು' ಅನ್ನುವುದು ಮೊದಲನೆಯದು. 'ಯಾವ ಸ್ವರ' ಅನ್ನುವುದು ಎರಡನೆಯದು, ಅದು 0ಯಿಂದ 127ರವರೆಗೆ ಇರುತ್ತದೆ. ಪಿಯಾನೋದ ನಡುವಿನ ಸಿ ಸ್ವರಕ್ಕೆ 60. 'ಎಷ್ಟು ಜೋರಾಗಿ ಒತ್ತಿದರು' ಅನ್ನುವುದು ಮೂರನೆಯದು, ಅದೂ 127ರವರೆಗೆ. ಇದಕ್ಕೆ ವೆಲಾಸಿಟಿ ಅನ್ನುತ್ತಾರೆ. ಈ ಮೂರನೇ ಅಂಕಿಯನ್ನು ಮರೆಯಬೇಡಿ, ನಮ್ಮ ಹುಡುಗ ಎಡವಿದ್ದು ಅಲ್ಲೇ.

ಈ ಭಾಷೆ 1983ರದ್ದು. ಅದಕ್ಕೆ ಮುಂಚೆ ಒಂದು ಕಂಪನಿಯ ಸಿಂಥಸೈಸರ್ ಇನ್ನೊಂದು ಕಂಪನಿಯದ್ದರ ಜೊತೆ ಮಾತಾಡುವುದೇ ಕಷ್ಟವಿತ್ತು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದಾಳಾಗಿ, ಪರಸ್ಪರ ಸ್ಪರ್ಧಿಗಳಾಗಿದ್ದ ಕಂಪನಿಗಳು ಒಂದೇ ಒಪ್ಪಂದಕ್ಕೆ ಬಂದವು. ಆ ವರ್ಷದ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಮೇಳದಲ್ಲಿ ಇಬ್ಬರ ಕಂಪನಿಗಳ ಸಿಂಥಸೈಸರ್‌ಗಳನ್ನೂ ವೈರ್‌ನಿಂದ ಜೋಡಿಸಿ ತೋರಿಸಿದರು. ಇದಕ್ಕಾಗಿ 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಸಿಕ್ಕಿತು. ನಮಗೆ ಇದರ ಲಾಭವೇನು ಅಂದರೆ, ಯಾವ ಕಂಪನಿಯ ಕಂಟ್ರೋಲರ್ ಆದರೂ ಮಿಡಿ ಬಲ್ಲ ಸಾಫ್ಟ್‌ವೇರ್ ಜೊತೆ ಬಹುಮಟ್ಟಿಗೆ ಕೆಲಸ ಮಾಡುತ್ತದೆ. 'ಈ ಸಾಫ್ಟ್‌ವೇರ್‌ಗೆ ಇದೇ ಮೆಷಿನ್ ಬೇಕು' ಎಂದು ಅಂಗಡಿಯವರು ಹೇಳಿದರೆ ಇನ್ನೊಮ್ಮೆ ಕೇಳಿ.

ಮೊದಲು ಸಾಫ್ಟ್‌ವೇರ್, ಆಮೇಲೆ ಮೆಷಿನ್

ಅಳಿಯನಿಗೆ ನಾನು ಕೇಳಿದ ಮೊದಲ ಪ್ರಶ್ನೆ: 'ಸ್ಟೇಜ್ ಮೇಲೆ ನೀನು ಏನು ಮಾಡ್ತೀಯ, ಸರಿಯಾಗಿ ಹೇಳು.' ಅವನ ಹತ್ತಿರ ಉತ್ತರ ಇರಲಿಲ್ಲ. ಬಹಳ ಜನರ ಹತ್ತಿರ ಇರುವುದಿಲ್ಲ, ಯಾಕೆಂದರೆ 'ಡಿಜೆ' ಅನ್ನೋ ಒಂದೇ ಪದದಲ್ಲಿ ನಾವು ಕನಿಷ್ಠ ಮೂರು ಬೇರೆ ಬೇರೆ ಕೆಲಸ ತುರುಕಿದ್ದೇವೆ.

ಬೇರೆಯವರ ಹಾಡುಗಳನ್ನು ಒಂದರೊಳಗೊಂದು ಬೆರೆಸಿ ನಿಲ್ಲದಂತೆ ನಡೆಸುವುದು ಒಂದು ಕೆಲಸ. ನಿಜವಾದ ಅರ್ಥದಲ್ಲಿ ಡಿಜೆ ಅಂದರೆ ಇದೇ. ಇದಕ್ಕೆ ಸೆರಾಟೋ ಡಿಜೆ ಲೈಟ್, ರೆಕಾರ್ಡ್‌ಬಾಕ್ಸ್ ಮುಂತಾದವು ಇವೆ. ಪೂರ್ತಿ ಉಚಿತವಾಗಿ, ಮುಕ್ತ ತಂತ್ರಾಂಶವಾಗಿ ಸಿಗುವುದು ಮಿಕ್ಸ್ (ಹುಡುಕುವಾಗ ಇಂಗ್ಲಿಷಿನಲ್ಲಿ ಕೊನೆಗೆ ಮೂರು ಎಕ್ಸ್ ಹಾಕಿ, ಇಲ್ಲದಿದ್ದರೆ ಅಡುಗೆಮನೆಯ ಮಿಕ್ಸಿವರೆಗೂ ಹೋಗುತ್ತದೆ). ಇದಕ್ಕೆ ಬೇಕಾದ ಕಂಟ್ರೋಲರ್‌ನಲ್ಲಿ ಎರಡು ದುಂಡನೆ ಚಕ್ರ, ನಡುವೆ ಮಿಕ್ಸರ್ ಇರುತ್ತದೆ. ಪಯನೀರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಹೊಸಬರು ಸಾಮಾನ್ಯವಾಗಿ ಕೊಳ್ಳುವಂಥದ್ದು. ಇಲ್ಲಿ ನೋಡಬೇಕಾದ್ದು ಲೈಟ್‌ಗಳನ್ನಲ್ಲ, ಸ್ಪೀಕರ್‌ಗೊಂದು, ಹೆಡ್‌ಫೋನ್‌ಗೊಂದು ಪ್ರತ್ಯೇಕ ದಾರಿ ಇದೆಯೇ ಅನ್ನುವುದನ್ನು. ಜನರಿಗೆ ಒಂದು ಹಾಡು ಕೇಳುತ್ತಿರುವಾಗಲೇ ಮುಂದಿನ ಹಾಡನ್ನು ನೀವೊಬ್ಬರೇ ಕಿವಿಯಲ್ಲಿ ಕೇಳಿ ಹೊಂದಿಸಿಕೊಳ್ಳಬೇಕು. ಲ್ಯಾಪ್‌ಟಾಪ್‌ನ ಒಂದೇ ಹೆಡ್‌ಫೋನ್ ತೂತಿನಲ್ಲಿ ಇದು ಸರಿಯಾಗಿ ಆಗುವುದಿಲ್ಲ. ಹಾಗಾಗಿ ಸೌಂಡ್ ಕಾರ್ಡ್ ಒಳಗೇ ಇರುವ ಕಂಟ್ರೋಲರ್ ಬೇಕು. ಈ ಜಾತಿಯವುಗಳಿಗೆ ಮಾತ್ರ ಶಬ್ದದ ಔಟ್‌ಪುಟ್ ಇರುತ್ತದೆ ಅಂದುಕೊಂಡರೂ ತಪ್ಪಿಲ್ಲ, ಆದರೆ ಅಲ್ಲೂ ಹಾಡು ಬರುವುದು ಲ್ಯಾಪ್‌ಟಾಪ್ ಅಥವಾ ಫೋನ್‌ನಿಂದಲೇ.

'ಡಿಜೆಗಳು ಸುಮ್ಮನೆ ಪ್ಲೇ ಒತ್ತುತ್ತಾರೆ, ಮಿಕ್ಕಿದ್ದು ಸಿಂಕ್ ಬಟನ್ ಮಾಡುತ್ತೆ' ಅನ್ನುವ ಮಾತೂ ಇದೆ. ಸಿಂಕ್ ಬಟನ್ ಎರಡು ಹಾಡಿನ ವೇಗ ಹೊಂದಿಸುತ್ತದೆ, ನಿಜ. ಯಾವ ಹಾಡಿನ ಮೇಲೆ ಯಾವ ಹಾಡು, ಯಾವಾಗ ಅನ್ನುವುದನ್ನು ಅದು ಹೇಳಿಕೊಡುವುದಿಲ್ಲ.

ಎರಡನೇ ಕೆಲಸ, ತಾವೇ ಮಾಡಿಟ್ಟ ಸಣ್ಣ ಸಣ್ಣ ತುಣುಕುಗಳನ್ನು, ಅಂದರೆ ಲೂಪ್‌ಗಳನ್ನು, ಸ್ಥಳದಲ್ಲೇ ಜೋಡಿಸುತ್ತಾ ಹೋಗುವುದು. ಫಾರ್ವರ್ಡ್ ವಿಡಿಯೋದ ಹುಡುಗ ಮಾಡುತ್ತಿದ್ದುದು ಹೆಚ್ಚುಕಡಿಮೆ ಇದು. ಇದಕ್ಕೆ ಹೆಸರಾಗಿರುವುದು ಏಬಲ್ಟನ್ ಲೈವ್. ಬರ್ಲಿನ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತಗಾರರೇ ಕಟ್ಟಿ 2001ರಲ್ಲಿ ಹೊರತಂದದ್ದು. ಅದರ ಸೆಷನ್ ವ್ಯೂನಲ್ಲಿ ತುಣುಕುಗಳು ಚೌಕ ಚೌಕವಾಗಿ ಕೂತಿರುತ್ತವೆ. ನೀವು ಗುಂಡಿಯನ್ನು ಸ್ವಲ್ಪ ಮುಂಚೆ ಒತ್ತಿದರೂ ಅದು ಕಾದು, ಮುಂದಿನ ತಾಳದ ಆವರ್ತ ಶುರುವಾಗುವಾಗಲೇ ತುಣುಕನ್ನು ಶುರುಮಾಡುತ್ತದೆ. ವಿಡಿಯೋದಲ್ಲಿ ಒಂದು ಪೆಟ್ಟೂ ತಾಳ ತಪ್ಪದ ಗುಟ್ಟು ಹೆಚ್ಚಾಗಿ ಇದೇ. ನೊವೇಶನ್ ಲಾಂಚ್‌ಪ್ಯಾಡ್‌ನಂಥ ಎಂಟು ಸಾಲು, ಎಂಟು ಕಂಬದ ಹಲಗೆಗಳು ಈ ಚೌಕಗಳ ಕನ್ನಡಿ ಇದ್ದ ಹಾಗೆ.

ಮೂರನೇ ಕೆಲಸ, ನಿಜವಾಗಿ ಬೆರಳಲ್ಲಿ ನುಡಿಸುವುದು. ಬೀಟ್ ನೀವೇ ಬಾರಿಸುತ್ತೀರಿ, ಸ್ವರ ನೀವೇ ಹಿಡಿಯುತ್ತೀರಿ. ನಮ್ಮವನಿಗೆ ಬೇಕಿದ್ದುದು ಇದು: ಡೊಳ್ಳಿನ ಪೆಟ್ಟನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಅದನ್ನು ಗುಂಡಿಗೆ ಕೂರಿಸಿ, ತಂಡದವರ ಜೊತೆ ಕೈಯಾರೆ ಬಾರಿಸುವುದು. ಆದರೆ ಅವನು ಕೊಂಡ ಹಲಗೆಗೆ ವೆಲಾಸಿಟಿ ಗೊತ್ತೇ ಇರಲಿಲ್ಲ. ಸಣ್ಣ, ಹಳೆಯ ಗ್ರಿಡ್‌ಗಳಲ್ಲಿ ಅನೇಕಕ್ಕೆ ಈ ಕೊರತೆ ಇದೆ. ಮೆಲ್ಲಗೆ ತಟ್ಟಿದರೂ, ಗುದ್ದಿದರೂ ಅವು ಕಳಿಸುವುದು ಒಂದೇ ಅಂಕಿ. ಲೂಪ್ ಶುರುಮಾಡಲು ಅಷ್ಟು ಸಾಕು. ಡೊಳ್ಳಿಗೆ ಸಾಲದು, ಜೋರು ಪೆಟ್ಟಿಗೂ ಮೆಲು ಪೆಟ್ಟಿಗೂ ವ್ಯತ್ಯಾಸವಿಲ್ಲದ ಡೊಳ್ಳು ಕಿವಿಗೆ ಗೋಡೆಗೆ ಮೊಳೆ ಹೊಡೆದ ಹಾಗೆ ಕೇಳಿಸುತ್ತದೆ. ಬೆರಳಲ್ಲಿ ನುಡಿಸುವವರು ಕೊಳ್ಳುವಾಗ 'ವೆಲಾಸಿಟಿ ಸೆನ್ಸಿಟಿವ್' ಅನ್ನುವ ಎರಡು ಪದ ವಿವರದಲ್ಲಿ ಇದೆಯೇ ಎಂದು ನೋಡಲೇಬೇಕು. 25 ಕೀ ಮತ್ತು ಎಂಟು ಪ್ಯಾಡ್ ಇರುವ ಅಕಾಯ್ ಎಂಪಿಕೆ ಮಿನಿಯಂಥವು ಈ ಕೆಲಸಕ್ಕೆ ಮಾಡಿದವು.

ಒಂದು ರೂಪಾಯಿ ಖರ್ಚಿಲ್ಲದೆ ಶುರುಮಾಡಿ

ಅಕ್ಕ ಫೋನ್ ಕಸಿದುಕೊಂಡು ಹೇಳಿದಳು: 'ನೋಡೋ, ಇನ್ನೊಂದು ಮೆಷಿನ್ ಅಂದ್ರೆ ನನ್ನ ಹತ್ತಿರ ಇಲ್ಲ. ಇರೋದ್ರಲ್ಲೇ ಏನಾದ್ರೂ ಮಾಡ್ಕೊಡು.'

ಇರೋದ್ರಲ್ಲಿ ಸಾಕಷ್ಟಿತ್ತು. ಅವರ ಮನೆಯ ಶೋಕೇಸ್ ಮೇಲೆ, ಭಾವ ಭಜನೆಗೆಂದು ಹಿಂದೆ ಕೊಂಡಿದ್ದ ಕೀಬೋರ್ಡ್ ಬಟ್ಟೆ ಹೊದ್ದು ಮಲಗಿತ್ತು. ಹಿಂಭಾಗದ ಫೋಟೋ ಕಳಿಸು ಅಂದೆ. ಪ್ರಿಂಟರ್‌ಗೆ ಹಾಕುವಂಥ ಚೌಕ ಯುಎಸ್‌ಬಿ ತೂತು, ಪಕ್ಕದಲ್ಲಿ 'ಟು ಹೋಸ್ಟ್' ಎಂಬ ಬರಹ. ಅಂದರೆ ಅದೇ ಒಂದು ಮಿಡಿ ಕಂಟ್ರೋಲರ್! ಪ್ರಿಂಟರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಆಯಿತು, ಕೆಲವು ಮಾದರಿಗೆ ಮಾತ್ರ ಕಂಪನಿಯ ಡ್ರೈವರ್ ಹಾಕಬೇಕಾಗಬಹುದು. ಇನ್ನೂ ಹಳೆಯದಾದರೆ ಐದು ಪಿನ್‌ನ ದುಂಡು 'ಮಿಡಿ ಔಟ್' ಇರುತ್ತದೆ. ಅದಕ್ಕೆ ಯುಎಸ್‌ಬಿಗೆ ತಿರುಗಿಸುವ ವೈರ್ ಸಿಗುತ್ತದೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಮೂಲೆಗೆ ಬಿದ್ದ ಕೀಬೋರ್ಡ್ ಇದ್ದರೆ, ಹೊಸತು ಕೊಳ್ಳುವ ಮುಂಚೆ ಅದರ ಬೆನ್ನು ತಿರುಗಿಸಿ ನೋಡಿ.

ಅದೂ ಇಲ್ಲವೇ? ಲ್ಯಾಪ್‌ಟಾಪ್‌ನ ಅಕ್ಷರದ ಕೀಲಿಗಳೇ ಆಗುತ್ತವೆ. ಏಬಲ್ಟನ್ ಲೈವ್‌ನಲ್ಲೂ ಮ್ಯಾಕ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲೂ ಎ, ಎಸ್, ಡಿ ಸಾಲು ಬಿಳಿ ಕೀಗಳಾಗಿ ಕೆಲಸ ಮಾಡುತ್ತದೆ. ಒತ್ತಡದ ವ್ಯತ್ಯಾಸ ಸಿಗದು, ಆದರೆ ನಿಮಗೆ ಈ ಕೆಲಸ ಹಿಡಿಸುತ್ತದೆಯೇ ಅನ್ನುವುದು ಎರಡು ವಾರದಲ್ಲಿ ಗೊತ್ತಾಗುತ್ತದೆ. ಐಫೋನ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ, ಅದರ ಲೈವ್ ಲೂಪ್ಸ್‌ನಲ್ಲಿ ಅದೇ ಚೌಕಗಳ ಆಟ ಪರದೆಯ ಮೇಲೇ ಆಡಬಹುದು. ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್‌ಲ್ಯಾಬ್ ಇದೆ. ಕೋಆಲಾ ಸ್ಯಾಂಪ್ಲರ್ ಎಂಬ ಕಡಿಮೆ ಬೆಲೆಯ ಆ್ಯಪ್‌ನಲ್ಲಿ ಫೋನ್ ಮೈಕ್‌ಗೆ ಡೊಳ್ಳು ಬಾರಿಸಿ, ಮರುಕ್ಷಣವೇ ಅದನ್ನು ಪ್ಯಾಡ್‌ನಲ್ಲಿ ನುಡಿಸಬಹುದು. ನನ್ನ ಪ್ರಕಾರ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಆಟಿಕೆ ಇಲ್ಲ.

ಇದೇ ಜಾಗದಲ್ಲಿ ಇನ್ನೊಂದು ಫಾರ್ವರ್ಡ್ ಬರುತ್ತದೆ: 'ಫುಲ್ ವರ್ಷನ್ ಫ್ರೀ, ಕ್ರ್ಯಾಕ್ ಲಿಂಕ್ ಇಲ್ಲಿದೆ.' ದಯವಿಟ್ಟು ಬೇಡ. ಕ್ರ್ಯಾಕ್ ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಿ ಎಂದು ಅವರೇ ಹೇಳುತ್ತಾರಲ್ಲ, ಯಾಕೆ ಅಂತ ಒಂದು ಕ್ಷಣ ಯೋಚಿಸಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಮನೆಯವರ ಬ್ಯಾಂಕ್ ಪಾಸ್‌ವರ್ಡ್ ಇರುತ್ತದೆ. ಏಬಲ್ಟನ್‌ನಂಥ ಕಂಪನಿಗಳು ಕೆಲವು ದಿನಗಳ ಟ್ರಯಲ್ ಉಚಿತವಾಗಿಯೇ ಕೊಡುತ್ತವೆ. ಹೊಸ ಕಂಟ್ರೋಲರ್‌ಗಳ ಜೊತೆ ಅದರ ಲೈಟ್ ಆವೃತ್ತಿ ಬರುವುದೂ ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಕೊಂಡಾಗ ಮಾತ್ರ ಎಚ್ಚರ, ಆ ಲೈಸೆನ್ಸ್ ಮೊದಲ ಮಾಲೀಕರ ಖಾತೆಗೆ ಸೇರಿಹೋಗಿರುತ್ತದೆ. ಬೆಲೆ ಮಾತಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

'ಲ್ಯಾಪ್‌ಟಾಪ್ ಸ್ಲೋ, ಹೊಸದು ಬೇಕು'

ಒಂದು ವಾರ ಬಿಟ್ಟು ಮತ್ತೆ ಫೋನ್. ಎಲ್ಲ ಜೋಡಿಸಿದ್ದಾನೆ, ಶಬ್ದವೂ ಬರುತ್ತಿದೆ, ಆದರೆ ಒತ್ತಿದ ಮೇಲೆ ತಡವಾಗಿ ಬರುತ್ತಿದೆ. ತಾಳಕ್ಕೆ ಕೂರುತ್ತಿಲ್ಲ. ಗೆಳೆಯನೊಬ್ಬ ಹೊಸ ಲ್ಯಾಪ್‌ಟಾಪ್ ಇಎಂಐಗೆ ತಗೋ ಎಂದಿದ್ದಾನಂತೆ.

'ಸ್ಪೀಕರ್ ಯಾವುದು ಕಣೋ?'

'ಬ್ಲೂಟೂತ್ದು, ಮಾಮ.'

ಸಿಕ್ಕಿತಲ್ಲ ಕಳ್ಳ! ಬ್ಲೂಟೂತ್ ಸ್ಪೀಕರ್ ಮತ್ತು ಇಯರ್‌ಬಡ್‌ಗಳು ಶಬ್ದವನ್ನು ಅದುಮಿ, ಗಾಳಿಯಲ್ಲಿ ಕಳಿಸಿ, ಮತ್ತೆ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತಾಗುವುದು ಸಾಮಾನ್ಯ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಫೋನ್ ಚಿತ್ರವನ್ನೂ ಅಷ್ಟೇ ತಡವಾಗಿ ತೋರಿಸಿ ತುಟಿಗೂ ಮಾತಿಗೂ ಹೊಂದಿಸಿಬಿಡುತ್ತದೆ. ನಿಮ್ಮ ಬೆರಳನ್ನು ಯಾವ ಫೋನೂ ತಡಮಾಡಲಾರದು.

ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಅದರ ಕಾಲು ಭಾಗ 125. ಶಬ್ದ 150 ಮಿಲಿಸೆಕೆಂಡ್ ತಡವಾದರೆ ನಿಮ್ಮ ಪೆಟ್ಟು ಕಾಲು ಬೀಟ್‌ಗಿಂತಲೂ ಹಿಂದೆ ಬಿತ್ತು ಅಂತಾಯಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಹಾಗಾಗಿ 150 ಮಿಲಿಸೆಕೆಂಡ್ ಅಂದರೆ 51 ಮೀಟರ್ ದೂರದಲ್ಲಿ, ಮೈದಾನದ ಆಚೆ ತುದಿಯಲ್ಲಿ ಬಾರಿಸುವ ಡೊಳ್ಳಿಗೆ ಇಲ್ಲಿ ಹೆಜ್ಜೆ ಹಾಕಿದ ಹಾಗೆ. ಅದೇ 10 ಮಿಲಿಸೆಕೆಂಡ್ ಆದರೆ ಬರೀ ಮೂರೂವರೆ ಮೀಟರ್. ತಂಡದಲ್ಲಿ ಅಷ್ಟು ಅಂತರದಲ್ಲಿ ನಿಂತು ಎಲ್ಲರೂ ಆರಾಮಾಗಿ ಬಾರಿಸುತ್ತಾರೆ.

ವೈರ್ ಇರುವ ಹೆಡ್‌ಫೋನ್ ಹಾಕಿದ ಮೇಲೂ ತಡವೆನಿಸಿದರೆ, ಸಾಫ್ಟ್‌ವೇರ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ ಎಂಬುದನ್ನು ನೋಡಿ. ಪಂಕ್ತಿ ಊಟದಲ್ಲಿ ಸಾರು ಬಡಿಸುವವರನ್ನು ನೆನಪಿಸಿಕೊಳ್ಳಿ. ದೊಡ್ಡ ಬಕೆಟ್ ಆದರೆ ತುಂಬಿಸಿ ತರಲು ಹೊತ್ತು ಹಿಡಿಯುತ್ತದೆ, ಆದರೆ ನಡುವೆ ಖಾಲಿಯಾಗುವುದಿಲ್ಲ. ಸಣ್ಣ ಬಕೆಟ್ ಬೇಗ ಬರುತ್ತದೆ, ಆದರೆ ಪದೇ ಪದೇ ಒಳಗೆ ಓಡಬೇಕು. ಅಡುಗೆಯವರು ಒಮ್ಮೆ ತಡಮಾಡಿದರೂ ಎಲೆ ಖಾಲಿ. ಕಂಪ್ಯೂಟರ್ ಸೆಕೆಂಡಿಗೆ 44,100 ಶಬ್ದದ ಹನಿಗಳನ್ನು ಬಡಿಸುತ್ತಿರುತ್ತದೆ. ಬಫರ್ 1024 ಇದ್ದರೆ ಒಂದು ಬಕೆಟ್‌ಗೆ 23 ಮಿಲಿಸೆಕೆಂಡ್, 256 ಇದ್ದರೆ ಆರಕ್ಕಿಂತ ತುಸು ಕಡಿಮೆ. ತೀರಾ ಇಳಿಸಿದರೆ ಎಲೆ ಖಾಲಿಯಾಗಿ, ಸ್ಪೀಕರ್‌ನಲ್ಲಿ ಚಟಚಟ ಸದ್ದು ಬರುತ್ತದೆ. ಚಟಚಟ ಶುರುವಾಗುವ ಜಾಗದಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಆಸಿಯೋ ಡ್ರೈವರ್ ಹಾಕಿಕೊಳ್ಳಿ. ಆಸಿಯೋ ಫೋರ್ ಆಲ್ ಎಂಬುದು ಉಚಿತ, ಹಳೇ ಲ್ಯಾಪ್‌ಟಾಪ್‌ಗಳಿಗೂ ಜೀವ ತುಂಬುತ್ತದೆ. ಅಳಿಯನ ಲ್ಯಾಪ್‌ಟಾಪ್ ಆರು ವರ್ಷದ್ದು. ವೈರ್ ಸ್ಪೀಕರ್, ಈ ಡ್ರೈವರ್, ಬಫರ್ 256. ಇಎಂಐ ಮಾತು ಅಲ್ಲಿಗೆ ಮುಗಿಯಿತು.

ಫೋನ್‌ಗೆ ಕಂಟ್ರೋಲರ್ ಜೋಡಿಸುವವರಿಗೆ ಒಂದು ಮಾತು. ಒಟಿಜಿ ಅಡಾಪ್ಟರ್ ಬೇಕು, ಕಂಟ್ರೋಲರ್ 'ಕ್ಲಾಸ್ ಕಂಪ್ಲಯಂಟ್' ಆಗಿರಬೇಕು, ಅಂದರೆ ಪ್ರತ್ಯೇಕ ಡ್ರೈವರ್ ಕೇಳಬಾರದು. ಲೈಟ್ ಜಾಸ್ತಿ ಇರುವ ಹಲಗೆ ಫೋನ್‌ನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ಆನ್ ಆಗಿ ಆಫ್ ಆಗುತ್ತಿದ್ದರೆ ಅದು ಕೆಟ್ಟಿಲ್ಲ, ಪ್ರತ್ಯೇಕ ಪವರ್ ಇರುವ ಯುಎಸ್‌ಬಿ ಹಬ್ ಬೇಕಾಗಿದೆ. ಆನ್‌ಲೈನ್‌ನಲ್ಲಿ ಚಪ್ಪಾಳೆ, ನಗುವಿನ ಗುಂಡಿಗಳ 'ಲೈವ್ ಸೌಂಡ್ ಕಾರ್ಡ್' ಪೆಟ್ಟಿಗೆಗಳೂ ಡಿಜೆ ಮೆಷಿನ್ ಹೆಸರಲ್ಲಿ ಮಾರಾಟಕ್ಕಿವೆ. ಅವು ಮೈಕ್‌ಗೆ ಮಾಡಿದವು, ಈ ಯಾವ ಕೆಲಸಕ್ಕೂ ಬರುವುದಿಲ್ಲ.

ನಮ್ಮ ಸಂಗೀತ ಇದರಲ್ಲಿ ಬರುತ್ತಾ?

ಕರ್ನಾಟಕ ಸಂಗೀತ ಕಲಿತವರು ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದು. ಕೀಬೋರ್ಡ್‌ನಲ್ಲಿ ಸ್ಥಾಯಿಗೆ 12 ಮೆಟ್ಟಿಲು, ಗಮಕ ಇರುವುದು ಮೆಟ್ಟಿಲುಗಳ ನಡುವೆ. ಮಿಡಿಯಲ್ಲಿ ಇದಕ್ಕೆ ಪಿಚ್ ಬೆಂಡ್ ಇದೆ, ಅದರಲ್ಲಿ 16,384 ಹಂತಗಳಿವೆ, ಅಂದರೆ ಸ್ವರ ಜಾರಿಸಲು ಅಂಕಿಗಳ ಕೊರತೆ ಇಲ್ಲ. ಕೊರತೆ ಇರುವುದು ಕೈಯಲ್ಲಿ. ಕೆಲವು ಪುಟ್ಟ ಕಂಟ್ರೋಲರ್‌ಗಳಲ್ಲಿ ಬೆಂಡ್‌ಗೆ ಸ್ಪರ್ಶದ ಪಟ್ಟಿಯೋ ಗುಂಡಿಯೋ ಇರುತ್ತದೆ, ಗುಂಡಿಯಲ್ಲಿ ಗಮಕ ಹೊರಡದು. ಚಕ್ರವೋ ಜಾಯ್‌ಸ್ಟಿಕ್ಕೋ ಇರುವುದನ್ನು ಆರಿಸಿಕೊಳ್ಳಿ. ಸಾಮಾನ್ಯವಾಗಿ ಬೆಂಡ್ ಎರಡು ಮೆಟ್ಟಿಲು ಮೇಲೆ, ಎರಡು ಕೆಳಗೆ ಜಾರುವಂತೆ ಹೊಂದಿಸಿರುತ್ತಾರೆ, ಸಾಫ್ಟ್‌ವೇರ್‌ನಲ್ಲಿ ಅದನ್ನು ಹಿಗ್ಗಿಸಬಹುದು. ಬೆರಳು ಬೆರಳಿಗೂ ಬೇರೆ ಬೇರೆ ಜಾರಿಕೆ ಕೊಡುವ ಎಂಪಿಇ ಎಂಬ ವಿಸ್ತರಣೆಯೂ ಬಂದಿದೆ, ಆದರೆ ಅಂಥ ವಾದ್ಯಗಳು ಹೊಸಬರ ಜೇಬಿಗೆ ಭಾರ. 1980ರ ದಶಕದ ಆರಂಭದಲ್ಲಿ, ಮಿಡಿ ಇನ್ನೂ ಬಳಕೆಗೆ ಬರದ ಕಾಲದಲ್ಲಿ, ಮುಂಬೈನ ಚರಣ್‌ಜಿತ್ ಸಿಂಗ್ ಮೂರು ರೋಲ್ಯಾಂಡ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳ ಡಿಸ್ಕೋ ಆಲ್ಬಂ ಮಾಡಿದ್ದರು. ಆಗ ಅದು ಮಾರಾಟವಾಗಲಿಲ್ಲ, 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು.

ಇನ್ನು ಫೆಸ್ಟ್ ವಿಷಯ. ಅಳಿಯ 64 ಗುಂಡಿಯ ಹಲಗೆಯನ್ನು ವಾಪಸ್ ಮಾಡಲಿಲ್ಲ. ಹಿನ್ನೆಲೆಯ ಲೂಪ್‌ಗಳನ್ನು ಅದರಿಂದ ಶುರುಮಾಡಿದ, ಡೊಳ್ಳಿನ ಪೆಟ್ಟುಗಳನ್ನು ಭಾವನ ಕೀಬೋರ್ಡ್‌ನಲ್ಲಿ ಬಾರಿಸಿದ. ಅವನಿಗೆ ಮೂರು ಮಾತು ಹೇಳಿ ಕಳಿಸಿದ್ದೆ: ವೈಫೈ ಮತ್ತು ಅಪ್‌ಡೇಟ್ ಆಫ್ ಮಾಡು, ಪೂರ್ತಿ ಕಾರ್ಯಕ್ರಮದ ಒಂದು ರೆಕಾರ್ಡಿಂಗ್ ಪೆನ್‌ಡ್ರೈವ್‌ನಲ್ಲಿ ಇಟ್ಟುಕೋ, ಸೌಂಡ್ ಚೆಕ್‌ಗೆ ಬೇಗ ಹೋಗು. ಬೇಗ ಹೋಗಿದ್ದು ಒಳ್ಳೆಯದಾಯಿತು. ಲ್ಯಾಪ್‌ಟಾಪ್ ಅನ್ನು ಮಿಕ್ಸರ್‌ಗೆ ಜೋಡಿಸಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಒಂದೇ ಸಮನೆ ಸದ್ದು. ಸೌಂಡ್ ಸಿಸ್ಟಮ್‌ನವರು ಬಂದು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರು, ಸದ್ದು ನಿಂತಿತು. ಚಾರ್ಜರ್‌ನ ಮೂಲಕ ನುಸುಳುವ ಕರೆಂಟ್‌ನ ಸದ್ದು ಅದು. ಹದಿನೈದು ನಿಮಿಷದ ಕಾರ್ಯಕ್ರಮ ಬ್ಯಾಟರಿಯಲ್ಲೇ ನಡೆಯಿತು, ಮುಗಿದಾಗ ಇನ್ನೂ 61 ಪರ್ಸೆಂಟ್ ಚಾರ್ಜ್ ಇತ್ತಂತೆ.